ಹೊತ್ತು ತಪ್ಪಿದ ನಗೆ

ಇಂದು ನಾನು ಹೇಳಹೊರಟಿರುವುದು ‘ಫೆಸೀಷಸ್’ ಎಂಬ ಇಂಗ್ಲಿಷ್ ಶಬ್ದದ ಚರಿತ್ರೆಯನ್ನು. ಗಂಭೀರವಾದ ಪ್ರಸಂಗದಲ್ಲಿ ತಮಾಷೆಯ ಮಾತನ್ನಾಡಿ ಜಾಣತನವನ್ನು ಮೆರೆಯಬಯಸುವವನಿಗೆ ಈ ವಿಶೇಷಣವು ಸಲ್ಲುತ್ತದೆ. ಅರ್ಥವನ್ನು ನಾನು ಕಲಿತುದು ನಿಘಂಟಿನಿಂದ; ಆದರೆ ಅದು ಮನಸ್ಸಿಗೆ ನಾಟಿದುದು ಖಾನಾಪುರ ತಾಲ್ಲೂಕಿನ ಪಾರಿಶ್ವಾಡದಲ್ಲಿ, ಸಾವಿನ ಮನೆಯೊಂದರ ಪಡಸಾಲೆಯಲ್ಲಿ.

ತೀರಿಕೊಂಡವರು ನಮ್ಮ ಬಂಧುಗಳು. ಯಾವ ಮದುವೆ-ಮುಂಜಿಗೂ ಹೊತ್ತಿಗೆ ಸರಿಯಾಗಿ ಬಂದವರಲ್ಲ. ಜನ್ಮದಲ್ಲಿ ಒಮ್ಮೆಯೂ ವೇಳೆಗೆ ಬಾರದವರು ಇದೊಂದು ಊರಿಗೆ ಮಾತ್ರ ವೇಳೆಗೆ ಮೊದಲೇ ಹೊರಟರೆಂದು ನಾನು ಅಂದುಬಿಟ್ಟೆ. ಕಿರಿಯರು ನಾಲ್ವರು ನಕ್ಕರು. ಮೃತರ ಅಕ್ಕ ನನ್ನ ಕಡೆ ತಿರುಗಿ, “ಮಾತು ಛಲೋ ಅದನೋ ತಮ್ಮಾ, ಹೊತ್ತು ಛಲೋ ಇಲ್ಲ” ಎಂದರು. ನಿಘಂಟುಕಾರರು ಇದಕ್ಕಿಂತ ಚೆನ್ನಾಗಿ ವಿವರಿಸಿದುದನ್ನು ನಾನು ಕಂಡಿಲ್ಲ.

ಶಬ್ದದ ಮೂಲವು ಲ್ಯಾಟಿನ್ ಭಾಷೆಯ ‘ಫಸೇಟಸ್’. ಅಲ್ಲಿ ಅದು ಬೈಗುಳಲ್ಲ, ಹೊಗಳಿಕೆ: ನಯ, ನಾಗರಿಕತೆ, ಸರಸೋಕ್ತಿ ಇವೆಲ್ಲವೂ ಅದರಲ್ಲಿ ಅಡಗಿದ್ದುವು. ಕ್ರಿಸ್ತಪೂರ್ವ 55ರಲ್ಲಿ ಸಿಸೆರೋ ತನ್ನ ವಾಗ್ಮಿತಾ ಗ್ರಂಥದಲ್ಲಿ ಈ ಗುಣವನ್ನು ವಿಸ್ತಾರವಾಗಿ ಚರ್ಚಿಸಿ, ಘೋರವಾದ ಪಾತಕವೂ ಕಡುದುಃಖವೂ ವಿನೋದಕ್ಕೆ ವಸ್ತುವಾಗಲಾರವೆಂದು ಎಲ್ಲೆಯನ್ನು ಹಾಕಿಸಿದನು. 15ನೆಯ ಶತಮಾನದಲ್ಲಿ ಪೋಪರ ಕಾರ್ಯದರ್ಶಿಯಾಗಿದ್ದ ಪೋಜಿಯೋ ತನ್ನ ಪೋಲಿಕಥೆಗಳ ಸಂಗ್ರಹಕ್ಕೆ ‘ಫಸೀಷಿಯೆ’ ಎಂದೇ ಹೆಸರಿಟ್ಟನು. ಮುಂದೆ ಇಂಗ್ಲೆಂಡಿನ ಪುಸ್ತಕವ್ಯಾಪಾರಿಗಳು ಅಶ್ಲೀಲ ಗ್ರಂಥಗಳನ್ನು ತಮ್ಮ ಪಟ್ಟಿಗಳಲ್ಲಿ ಆ ಮರ್ಯಾದಸ್ಥ ಶೀರ್ಷಿಕೆಯ ಮರೆಯಲ್ಲಿ ಮಾರುತ್ತಿದ್ದರು! ಫ್ರೆಂಚಿನ ಮೂಲಕ 16ನೆಯ ಶತಮಾನದ ಕೊನೆಗೆ ಇಂಗ್ಲಿಷಿಗೆ ಬಂದ ನಮ್ಮ ವಿಶೇಷಣವು 1755ರ ಜಾನ್ಸನ್ನನ ನಿಘಂಟಿನಲ್ಲಿಯೂ ಉಲ್ಲಾಸಿ, ಚತುರ ಎಂಬ ಒಳ್ಳೆಯ ಅರ್ಥದಲ್ಲಿಯೇ ಇದೆ. ಕೆಡುಕು ಆಮೇಲಿನದು. (ಇಂಗ್ಲಿಷಿನ ಐದು ಸ್ವರಾಕ್ಷರಗಳೂ ಇದರಲ್ಲಿ ಕ್ರಮವಾಗಿ ಬರುತ್ತವೆ, ಕನ್ನಡ ಲಿಪಿಯಲ್ಲಿ ಆ ಸೊಗಸು ಕಾಣದು.)

ಇಂತಹ ಪತನವು ನಮ್ಮಲ್ಲಿಯೂ ಉಂಟು. ಸಂಸ್ಕೃತದಲ್ಲಿ ಚೋದ್ಯವೆಂದರೆ ವಾದದಲ್ಲಿ ಎತ್ತುವ ಪ್ರಶ್ನೆ. ವಕ್ರವಾದ ಪ್ರಶ್ನೆಯು ಕುಚೋದ್ಯ. ಈಗ ಕುಚೋದ್ಯವೆಂದರೆ ಬರಿಯ ಕಿಡಿಗೇಡಿತನ. ಬೆಳಗಾವಿಯ ಕಡೆ ಆಡುವ ‘ಚ್ಯಾಷ್ಟಿ’ಯಾಗಲಿ, ಅರಬ್ಬೀ ಮೂಲದ ‘ಮಸ್ಕಿರಿ’ಯಾಗಲಿ ಪೂರ್ತಿಯಾಗಿ ಹೊಂದವು, ಅವುಗಳಲ್ಲಿ ನಗೆಯುಂಟು, ಹೊತ್ತಿನ ವಿಚಾರವಿಲ್ಲ.

ಹೊತ್ತುಗೊತ್ತುಗಳ ವಿಚಾರವು ಭರತನಲ್ಲಿದೆ. ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಅವನು ಆರು ಬಗೆಯ ನಗೆಗಳನ್ನು ಹೇಳುತ್ತ, ಸಲ್ಲದ ಎಡೆಯಲ್ಲಿ, ಕಣ್ಣಲ್ಲಿ ನೀರು ಬರುವಂತೆ, ಹೆಗಲು ತಲೆಗಳು ಅದುರುವಂತೆ ನಗುವುದನ್ನು ಅಪಹಸಿತವೆಂದು ಕರೆದು, ಕೀಳು ಪಾತ್ರಗಳಿಗೆ ವಿಧಿಸಿದ್ದಾನೆ. ಅವನು ಹೇಳುವುದು ನಗುವವನನ್ನು ಕುರಿತು, ನಗಿಸುವವನನ್ನಲ್ಲ. ಆದರೂ ಅವನ ‘ಅಸ್ಥಾನ’ವೆಂಬ ಮಾತನ್ನು ಎರವಲು ಪಡೆದು ‘ಅಸ್ಥಾನವಿನೋದಿ’ ಎಂದು ನಾನು ತರಗತಿಯಲ್ಲಿ ಅನುವಾದಿಸುತ್ತೇನೆ. ವಿದ್ಯಾರ್ಥಿಗಳು ಅದನ್ನು ನನಗೇ ಬಿರುದಾಗಿ ಕೊಟ್ಟಿದ್ದಾರೆಂದು ಕೇಳಿದ್ದೇನೆ.

ವರ್ಷದ ಶ್ರಾದ್ಧಕ್ಕೆ ಮತ್ತೆ ಪಾರಿಶ್ವಾಡಕ್ಕೆ ಹೋದಾಗ ಆ ತಾಯಿಯೇ ತಮ್ಮನ ಹೊತ್ತುಗೇಡಿತನವನ್ನು ನೆನೆದು ನಕ್ಕು, “ಅವತ್ತ ಏನೋ ಅಂದಿದ್ದೆಲಾ, ಈಗ ಹೇಳು” ಎಂದರು.