ಕೆರೆಗೆ ಹೋದಾಗ ಏರಿಯನ್ನೂ ನೋಡಿ

ರವಿವಾರ ಬಂತೆಂದರೆ ಬೆಳಗಾವಿಯ ಮಕ್ಕಳಿಗೆ ಕೋಟೆ ಕೆರೆ ಆಗಲೇಬೇಕು. ಖಾನಾಪುರದ ಕಡೆ ನೆಂಟರ ಊರಿಗೆ ಹೋದರೆ, ಬುತ್ತಿ ಕಟ್ಟಿಕೊಂಡು ಕೆರೆ ಏರಿಯ ಮೇಲೆ ಕುಳಿತು ಉಣ್ಣುವ ಸುಖವೇ ಬೇರೆ. ಆದರೆ ಆ ಮಣ್ಣಿನ ಏರಿ ಗಟ್ಟಿ ಇದೆಯೇ ಅಂತ ಎಂದಾದರೂ ನೋಡೀವೇನ್ರಿ?

2019ರ ಜುಲೈ 2ರ ರಾತ್ರಿ ರತ್ನಾಗಿರಿ ಜಿಲ್ಲೆಯ ತಿವರೆಯಲ್ಲಿ ಮಣ್ಣಿನ ಅಣೆಕಟ್ಟು ಒಡೆದು, ಕೆಳಗಿನ ಮನೆಗಳು ಜನರ ಸಮೇತ ಕೊಚ್ಚಿಹೋದವು. ನೀರು ಸೋರುತ್ತಿದೆಯೆಂದು ಊರವರು ಮೊದಲೇ ದೂರಿದ್ದರು.

ಹೊಸ ಗಡಿಗೆ ಬೆವರುವುದು ನಮಗೆ ಗೊತ್ತಿದ್ದದ್ದೇ. ಏರಿಯೂ ಹಾಗೇ. ತುಸು ತಿಳಿನೀರು ಜಿನುಗಿದರೆ ಗಾಬರಿ ಬೇಡ, ಗಮನವಿರಲಿ. ರಾಡಿ ನೀರು ಬಂತೋ, ಒಳಗಿನ ಮಣ್ಣೇ ಕೊರೆದು ಬರುತ್ತಿದೆಯೆಂದು ತಿಳಿಯಿರಿ. ಹೊರಗಿನಿಂದ ಮಣ್ಣು ಮೆತ್ತಿ ಆ ತೂತು ಮುಚ್ಚಬೇಡಿ. ನೀರು ಬೇರೆ ದಾರಿ ಹುಡುಕ್ತದ.

ಇವನ್ನೂ ನೋಡಿ:

• ಏರಿಯ ಮೇಲೆ ಬಿರುಕು, ಕುಸಿದ ಜಾಗ.
• ಹೆಗ್ಗಣ, ಏಡಿಗಳ ಬಿಲ.
• ಏರಿಯಲ್ಲಿ ಬೆಳೆದ ದೊಡ್ಡ ಮರ. ಬೇರು ಕೊಳೆತರೆ ಅದೇ ನೀರಿಗೆ ದಾರಿ.
• ಕೋಡಿಯಲ್ಲಿ ಕಸ. ಕೋಡಿ ಕಟ್ಟಿಕೊಂಡರೆ ನೀರು ಏರಿ ಹತ್ತಿ ಹರಿದು ಅದನ್ನೇ ಕೊರೆಯುತ್ತದೆ. ನಾವು ಉಂಡು ಬಿಸಾಡಿದ ಪ್ಲಾಸ್ಟಿಕ್ ತಾಟುಗಳು ಅಲ್ಲಿಗೇ ಹೋಗಿ ಸೇರ್ತಾವ.

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 10 ಮೀಟರಿಗಿಂತ ತಗ್ಗಿನ ಏರಿಗಳಿಗೆ ಅನ್ವಯಿಸುವುದಿಲ್ಲ. ಸಣ್ಣ ಕೆರೆಗೆ ಊರವರ ಕಣ್ಣೇ ಕಾವಲು. ಬಿರುಕು, ಬಿಲ ಕಂಡರೆ ಪಂಚಾಯ್ತಿಗೆ ಬರೆದುಕೊಡಿ. ರಾಡಿ ನೀರು ಜೋರಾದರೆ ಮಾತ್ರ ಅರ್ಜಿ ಬರೆಯುತ್ತ ಕೂಡಬೇಡಿ. ಮೊದಲು ಕೆಳಗಿನ ಮನೆಯವರನ್ನು ಎಬ್ಬಿಸಿ, 112ಕ್ಕೆ ಫೋನು ಮಾಡಿ.