'ಪಾಸು' ಎಂಬ ಪದ

ಪದಗಳು ನಾಡಿನಿಂದ ನಾಡಿಗೆ ಸಂಚರಿಸುತ್ತ ಹೊಸ ಅರ್ಥಗಳನ್ನು ಪಡೆಯುತ್ತವೆ. ಇಂಗ್ಲಿಷಿನ 'ಪಾಸು' ಇದಕ್ಕೆ ಉತ್ತಮ ನಿದರ್ಶನ. ಇದರ ಮೂಲವಾದ ಲ್ಯಾಟಿನ್ ಪದಕ್ಕೆ 'ಹೆಜ್ಜೆ' ಎಂದರ್ಥ. ಹೆಜ್ಜೆಯಿಟ್ಟು ದಾಟುವುದೇ ಇದರ ಎಲ್ಲ ಅರ್ಥಗಳ ತಿರುಳು. ವಿಧಾನಸಭೆಯಲ್ಲಿ ಮಸೂದೆ ಪಾಸಾದರೆ ಅದು ಅಂಗೀಕಾರ. ಪರೀಕ್ಷೆಯಲ್ಲಿ ಪಾಸಾದರೆ ತೇರ್ಗಡೆ. ಖೈಬರಿನಂತಹ ಬೆಟ್ಟಗಳ ನಡುವಣ ಪಾಸು ಕಣಿವೆದಾರಿ. ಆಟಗಾರನು ಚೆಂಡನ್ನು ಪಾಸು ಮಾಡಿದರೆ ಜೊತೆಗಾರನಿಗೆ ದಾಟಿಸಿದಂತೆ. ಕನ್ನಡದಲ್ಲಿ ಒಂದೊಂದು ಅರ್ಥಕ್ಕೂ ಬೇರೆ ಬೇರೆ ಮಾತುಗಳಿವೆ.

1997ರಲ್ಲಿ ರಚನೆಯಾದ ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ಬಸ್ ನಿಲ್ದಾಣಗಳಲ್ಲಾದರೋ 'ಪಾಸು' ಎಂದರೆ ವಿದ್ಯಾರ್ಥಿಗಳ ರಿಯಾಯಿತಿ ಚೀಟಿ. ದಿನದಿನದ ಪ್ರಯಾಣದ ವೆಚ್ಚವನ್ನು ಭರಿಸಲಾರದ ಹಳ್ಳಿಯ ಮಕ್ಕಳನ್ನು ಶಾಲೆಗೆ ತಲುಪಿಸುವುದು ಇದೇ. ಈ ಪಾಸು ಕೈಯಲ್ಲಿಲ್ಲದಿದ್ದರೆ ಅವರಲ್ಲಿ ಎಷ್ಟೋ ಜನರಿಗೆ ಪರೀಕ್ಷೆಯ ಪಾಸೂ ದೂರವೇ ಉಳಿಯುತ್ತದೆ.