ಯಾರ ಋಣ ಯಾರ ಮೇಲೆ

ಒಂದು ಜನವರ್ಗ ತನ್ನನ್ನು ತಾನು ಏನೆಂದು ಭಾವಿಸಿಕೊಂಡಿದೆ ಎಂಬುದನ್ನು ಅರಿಯಲು ಹೊರಟವರು ಮೊದಲು ಕೈಗೆತ್ತಿಕೊಳ್ಳುವುದು ಕುಲ, ಕಸುಬು, ಭಾಷೆ, ಮತ ಇವುಗಳ ಪಟ್ಟಿಯನ್ನು. ಜನಗಣತಿಯವರು ಮನೆಮನೆಗೆ ಬಂದು ಬರೆದುಕೊಳ್ಳುವುದೂ ಅದನ್ನೇ. ಅದು ಹೊರಗಿನವನ ಕಣ್ಣಿಗೆ ಕಂಡ ಲೆಕ್ಕವಾದುದರಿಂದ ಒಳಗಿನವನ ಆತ್ಮಭಾವ ಅದರಲ್ಲಿ ಅರ್ಧದಷ್ಟೂ ಸಿಕ್ಕುವುದಿಲ್ಲ. ತುಂಗೆಯ ದಡದ ಶಿವಮೊಗ್ಗ, ಅಲ್ಲಿಂದ ಸುಮಾರು 20 ಕಿಲೋಮೀಟರು ದೂರದಲ್ಲಿ ಭದ್ರೆಯ ದಡದ ಭದ್ರಾವತಿ, ಇವೆರಡನ್ನೂ ಸುತ್ತುವರಿದ ಸೀಮೆಯಲ್ಲಿ ಕಳೆದ ನೂರು ವರ್ಷಗಳಿಂದೀಚೆಗೆ ಕಾರ್ಮಿಕರೆಂದೂ ಗೇಣಿದಾರರೆಂದೂ ರೈತರೆಂದೂ ದಲಿತರೆಂದೂ ತಮ್ಮನ್ನು ತಾವು ಗುರುತಿಸಿಕೊಂಡವರ ಚರಿತ್ರೆಯನ್ನು ಪರಿಶೀಲಿಸಿದರೆ, ‘ನಾವು ಯಾರು’ ಎಂಬ ಪ್ರಶ್ನೆಗೆ ಅವರಿತ್ತ ಉತ್ತರದ ತಳದಲ್ಲಿ ‘ಯಾರು ಯಾರಿಗೆ ಋಣಿ’ ಎಂಬ ಇನ್ನೊಂದು ಪ್ರಶ್ನೆಯ ಉತ್ತರ ಅಡಗಿರುವುದು ಗೋಚರವಾಗುತ್ತದೆ.

ಭದ್ರಾವತಿಗೆ ಹಿಂದೆ ಬೆಂಕಿಪುರವೆಂಬ ಹೆಸರಿದ್ದಿತು. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವೊಂದನ್ನುಳಿದು ಹೊರನಾಡಿಗೆ ಪರಿಚಿತವಾದುದು ಹೆಚ್ಚೇನೂ ಇರದಿದ್ದ ಈ ಊರಿನಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಮರದ ಇದ್ದಿಲಿನಿಂದ ಕರಗಿಸುವ ಕಬ್ಬಿಣದ ಕಾರ್ಖಾನೆ 1923ರ ಜನವರಿಯಲ್ಲಿ ಕೆಲಸ ಆರಂಭಿಸಿತು. ಬೊಕ್ಕಸಕ್ಕೆ ಭಾರವೆಂಬ ನಿಂದೆಗೆ ಗುರಿಯಾಗಿದ್ದ ಅದನ್ನು ಸರ್ ಎಂ. ವಿಶ್ವೇಶ್ವರಯ್ಯನವರು ಆಡಳಿತ ಮಂಡಳಿಯ ಅಧ್ಯಕ್ಷರಾಗಿ 1929ರವರೆಗೆ ನಡೆಸಿ ನೆಲೆಗೊಳಿಸಿದರು. ಮುಂದಿನ ದಶಕದಲ್ಲಿ ಉಕ್ಕು, ಸಿಮೆಂಟು, ಕಾಗದ ಒಂದಾದ ಮೇಲೊಂದು ಬಂದವು. ಇವುಗಳೊಡನೆ ಬಂದ ಜನರು ಮನೆಯಲ್ಲಿ ಆಡುತ್ತಿದ್ದುದು ತಮಿಳೋ ತೆಲುಗೋ ಮಲೆಯಾಳವೋ ಉರ್ದುವೋ ಆಗಿದ್ದರೂ, ಹೊಸಬನೊಬ್ಬನನ್ನು ಕಂಡಾಗ ಅವರು ಕೇಳುತ್ತಿದ್ದುದು ಯಾವ ಜಾತಿ, ಯಾವ ಊರು ಎಂಬುದಕ್ಕಿಂತ ಮೊದಲು ಯಾವ ಡಿಪಾರ್ಟ್‌ಮೆಂಟು, ಯಾವ ಶಿಫ್ಟು ಎಂಬುದನ್ನು. ಕ್ವಾರ್ಟರ್ಸು, ಆಸ್ಪತ್ರೆ, ಶಾಲೆ, ಆಟದ ಬಯಲು, ನಾಟಕದ ರಂಗ ಎಲ್ಲವೂ ಕಾರ್ಖಾನೆಯವೇ. ಕನ್ನಡ ಚಿತ್ರರಂಗದ ದೊಡ್ಡಣ್ಣನವರು ಇಲ್ಲಿ ನೌಕರಿ ಮಾಡುತ್ತ ಹವ್ಯಾಸಿ ನಾಟಕಗಳಲ್ಲಿ ಬಣ್ಣ ಹಚ್ಚಿಕೊಂಡವರೆಂಬುದನ್ನು ಊರಿನವರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಈ ಕಾರ್ಮಿಕನ ಆತ್ಮಭಾವದಲ್ಲಿ ಋಣ ಎರಡು ಕಡೆಗೂ ಹರಿಯುತ್ತಿದ್ದಿತು: ಕಾರ್ಖಾನೆ ತನಗೆ ಅನ್ನವಿಟ್ಟಿತೆಂಬ ಕೃತಜ್ಞತೆ ಒಂದು ಕಡೆಗಾದರೆ, ಕುಲುಮೆಯ ಎದುರು ಬೆಂದು ದೇಶಕ್ಕೆ ಉಕ್ಕು ಕೊಟ್ಟವನು ತಾನೆಂಬ ಅಭಿಮಾನ ಇನ್ನೊಂದು ಕಡೆಗೆ. ಸಂಘ ಕಟ್ಟಿ ಮುಷ್ಕರ ಹೂಡಿದ ದಿನಗಳಲ್ಲಿಯೂ ಇವೆರಡರಲ್ಲಿ ಒಂದನ್ನೂ ಅವನು ಬಿಟ್ಟುಕೊಟ್ಟಂತೆ ಕಾಣುವುದಿಲ್ಲ.

ಇದೇ ಜಿಲ್ಲೆಯ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರನ ಸ್ಥಿತಿ ಬೇರೆಯಾಗಿದ್ದಿತು. ಅವನ ಪಾಲಿಗೆ ಋಣವೆಂಬುದು ಕೊಳಗದಲ್ಲಿ ಅಳೆಯತಕ್ಕ ವಸ್ತು. ಗೇಣಿಯ ಬತ್ತವನ್ನು ಕಣದಲ್ಲಿ ಅಳೆದುಕೊಳ್ಳುವಾಗ ಒಡೆಯನ ಕಡೆಯ ಕೊಳಗ ದೊಡ್ಡದಾಗಿರುತ್ತಿದ್ದಿತು. ಆ ಹೆಚ್ಚುವರಿ ಸೇರುಗಳು ವರ್ಷ ವರ್ಷವೂ ತನ್ನ ಮಕ್ಕಳ ತುತ್ತಿನಿಂದ ಹೋಗುತ್ತಿವೆಯೆಂಬುದನ್ನು ಬಲ್ಲವನಾದರೂ, ಒಡೆಯನ ನೆಲದಲ್ಲಿ ಬದುಕಿರುವುದೇ ಒಡೆಯನ ದಯೆಯೆಂದು ತಲೆಮಾರುಗಳಿಂದ ನಂಬಿದ್ದ ಅವನು ಆ ಕೊಳಗವನ್ನು ಪ್ರಶ್ನಿಸುವುದನ್ನು ಕಲಿಯಬೇಕಾಯಿತು. ಎಚ್. ಗಣಪತಿಯಪ್ಪನವರ ರೈತಸಂಘ, ಶಾಂತವೇರಿ ಗೋಪಾಲಗೌಡರ ಸಮಾಜವಾದಿ ಸಂಘಟನೆ ಇವೆರಡೂ ಕೂಡಿ 1951ರಲ್ಲಿ ನಡೆಸಿದ ಸತ್ಯಾಗ್ರಹದಲ್ಲಿ, ಬಹುಪಾಲು ದೀವರ ಕುಲದವರಾಗಿದ್ದ ಗೇಣಿದಾರರು ಸಾಲುಸಾಲಾಗಿ ಗದ್ದೆಗಿಳಿದು ಬಂಧನಕ್ಕೊಳಗಾದರು. ಬೆಂಬಲಕ್ಕೆ ಬಂದ ಡಾ. ರಾಮಮನೋಹರ ಲೋಹಿಯಾ ಅವರೂ ಬಂಧಿತರಾದರು. ದೇವರಾಜ ಅರಸರ ಸರ್ಕಾರ 1974ರಲ್ಲಿ ತಂದ ಭೂಸುಧಾರಣೆಯ ತಿದ್ದುಪಡಿಯಿಂದ ಉಳುವವನು ಹೊಲದೊಡೆಯನಾದನು. ಆತನ ಹೆಸರು ಪಹಣಿಯಲ್ಲಿ ಬಂದಿತು. ಅಂದಿನಿಂದ ಒಡೆಯನ ಸ್ಥಾನದಲ್ಲಿ ಅವನೆದುರು ನಿಂತದ್ದು ಬ್ಯಾಂಕು, ಸೊಸೈಟಿ ಮತ್ತು ಸರ್ಕಾರ.

1980ರಲ್ಲಿ ಶಿವಮೊಗ್ಗದಲ್ಲಿ ಜನ್ಮ ತಳೆದ ಕರ್ನಾಟಕ ರಾಜ್ಯ ರೈತ ಸಂಘದ ಪ್ರತಿಭೆಯೆಲ್ಲ ಪ್ರಕಟವಾದದ್ದು ಈ ಸಂಧಿಯಲ್ಲಿ. ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಕಡಿದಾಳು ಶಾಮಣ್ಣ ಮೊದಲಾದವರ ಸಂಘಟನೆಗೆ ಎಂ.ಡಿ. ನಂಜುಂಡಸ್ವಾಮಿಯವರ ತರ್ಕ ಸೇರಿ, ರೈತನ ಲೆಕ್ಕದ ಪುಸ್ತಕವೇ ಬುಡಮೇಲಾಯಿತು. ಪೇಟೆಯವರಿಗೆ ಆಹಾರ ಅಗ್ಗವಾಗಿ ದೊರೆಯಲೆಂದು ಬೆಳೆಗೆ ಕಡಿಮೆ ಬೆಲೆ ಕಟ್ಟಿ, ಗೊಬ್ಬರಕ್ಕೂ ನೀರಿಗೂ ಹೆಚ್ಚು ವಸೂಲು ಮಾಡಿ, ಹೀಗೆ ರೈತನಿಂದ ಕಿತ್ತುಕೊಂಡದ್ದನ್ನೆಲ್ಲ ಕೂಡಿದರೆ ಸಾಲಗಾರ ರೈತನಲ್ಲ, ಸರ್ಕಾರವೇ ಬಾಕಿದಾರ ಎಂಬುದು ಅವರ ವಾದ. ವಾದ ಪುಸ್ತಕದಲ್ಲಿ ಉಳಿಯದೆ ಮನೆಯ ಅಂಗಳಕ್ಕೆ ಬಂದುದು ಮರುಜಪ್ತಿಯೆಂಬ ಕ್ರಮದಿಂದ. ಸಾಲ ತೀರಿಸದವನ ಮನೆಗೆ ಬಂದ ಅಧಿಕಾರಿಗಳು ಪಾತ್ರೆ, ಪಂಪ್‌ಸೆಟ್ಟು, ಬಾಗಿಲುಗಳನ್ನು ಜಪ್ತಿ ಮಾಡಿ ಒಯ್ದರೆ, ಹಿಂದಿನ ದಿನಗಳಲ್ಲಿ ಆ ಮನೆಯವರು ನಾಚಿಕೆಯಿಂದ ಬೀದಿಗೆ ಮುಖ ತೋರಿಸುತ್ತಿರಲಿಲ್ಲ. ಈಗ ಹೆಗಲ ಮೇಲೆ ಹಸಿರು ಶಾಲು ಹೊದ್ದ ಊರವರು ಗುಂಪಾಗಿ ಹೋಗಿ, ಹಾಡಹಗಲಿನಲ್ಲಿ ಆ ಸಾಮಾನುಗಳನ್ನು ಹೊತ್ತು ತಂದು ಮನೆಯೊಡತಿಯ ಮುಂದಿಳಿಸುತ್ತಿದ್ದರು. ಅಪ್ಪಣೆಯಿಲ್ಲದೆ ಅಧಿಕಾರಿಗಳು ಒಳಬರಕೂಡದೆಂಬ ಫಲಕಗಳು ಊರ ಬಾಗಿಲಲ್ಲಿ ಎದ್ದವು. ಅದರಿಂದ ಕಟ್ಟಬೇಕಾದ ಹಣ ಕಡಮೆಯಾಯಿತೋ ಇಲ್ಲವೋ, ನನ್ನ ದೃಷ್ಟಿಯಲ್ಲಿ ಅದು ಎರಡನೆಯ ಮಾತು; ಅಧಿಕಾರಿಯೆದುರು ಕೈಕಟ್ಟಿ ನಿಲ್ಲುತ್ತಿದ್ದವನು ಶಾಲು ಕೊಡವಿಕೊಂಡು ಕುರ್ಚಿಯಲ್ಲಿ ಕುಳಿತು ಮಾತನಾಡಿದ್ದು ಮೊದಲನೆಯದು.

ಆದರೆ ಆ ಶಾಲಿನ ಕೆಳಗೆ ಎಲ್ಲರಿಗೂ ಸಮನಾದ ಎಡೆ ಇದ್ದಿತೆ? ಹತ್ತು ಎಕರೆ ಅಡಕೆ ತೋಟದವನೂ ಅದೇ ತೋಟದಲ್ಲಿ ಕೂಲಿಗೆ ಬಂದ ಭೂಹೀನನೂ ‘ರೈತ’ನೆಂಬ ಒಂದೇ ಹೆಸರಿನಲ್ಲಿ ಅಡಕವಾಗುವರೆಂಬುದನ್ನು ಒಪ್ಪದಿದ್ದವರು ದಲಿತರು, ಒಪ್ಪದಿರಲು ಕಾರಣಗಳು ಬೇಕಾದಷ್ಟಿದ್ದವು. ರೈತ ಸಂಘಕ್ಕಿಂತ ಕೆಲವು ವರ್ಷ ಮೊದಲೇ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದ ಮಾತಿನಿಂದೆದ್ದ 1973ರ ಬೂಸಾ ಪ್ರಕರಣದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಪದವಿ ಕಳೆದುಕೊಂಡ ಕಾವು ಇನ್ನೂ ಆರದಿದ್ದ ಹೊತ್ತಿನಲ್ಲಿ, ಭದ್ರಾವತಿಯ ಸರ್ ಎಂ.ವಿ. ಕಾಲೇಜಿನಲ್ಲಿ ಕನ್ನಡ ಬೋಧಿಸುತ್ತಿದ್ದ ಪ್ರೊ. ಬಿ. ಕೃಷ್ಣಪ್ಪನವರ ನೇತೃತ್ವದಲ್ಲಿ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು. ಇದು ಹಳ್ಳಿಯಲ್ಲಿ ಹುಟ್ಟದೆ ಕಾರ್ಖಾನೆಯ ಪಟ್ಟಣದಲ್ಲಿ ಹುಟ್ಟಿದ್ದು ಆಕಸ್ಮಿಕವಲ್ಲವೆಂದು ನನಗೆ ತೋರುತ್ತದೆ: ತಿಂಗಳ ಸಂಬಳ ಪಡೆಯುವವನು ಭೂಮಾಲಿಕನ ಕಣದ ಮುಂದೆ ಕಾಯಬೇಕಿಲ್ಲ, ಸಂಜೆ ಸಭೆಗೆ ಹೋದರೆ ಬೆಳಗ್ಗೆ ಕೂಲಿ ತಪ್ಪುವ ಭಯವಿಲ್ಲ. ಸಮಿತಿಯ ಋಣದ ಲೆಕ್ಕ ಉಳಿದೆಲ್ಲಕ್ಕಿಂತ ಹಳೆಯದು. ಮೇಲಿನವರು ತೋರುವ ಕರುಣೆಗೆ ಕೃತಜ್ಞರಾಗಿರತಕ್ಕವರು ನಾವಲ್ಲ, ಶತಮಾನಗಳ ಬಿಟ್ಟಿ ದುಡಿಮೆಯ ಬಾಕಿಯನ್ನು ವಸೂಲು ಮಾಡತಕ್ಕವರು ನಾವು ಎಂಬ ನಿಲುವಿನಿಂದ ಭದ್ರಾವತಿ ತಾಲ್ಲೂಕಿನ ಸಿದ್ಲಿಪುರದಲ್ಲಿ ಭೂಮಿಗಾಗಿ ಹೋರಾಟ ನಡೆಯಿತು. ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ಬೆತ್ತಲೆ ಸೇವೆಯನ್ನು 1986ರಲ್ಲಿ ತಡೆಯಹೋದ ಕಾರ್ಯಕರ್ತರು ಹಲ್ಲೆಗೀಡಾದರು. ಅಲ್ಲಿಯಾದರೋ ಅವರು ನಿರಾಕರಿಸಿದ್ದು ದೇವತೆಗೆ ಸಲ್ಲಬೇಕೆಂದು ನಂಬಿಸಲ್ಪಟ್ಟ ಋಣವನ್ನೇ.

ಕಾರ್ಖಾನೆಯ ಲೆಕ್ಕವೂ ಸ್ಥಿರವಾಗಿ ನಿಲ್ಲಲಿಲ್ಲ. ಕಾಗದದ ಯಂತ್ರಗಳು ಕಳೆದ ದಶಕದ ನಡುವೆ ಸ್ತಬ್ಧವಾದವು. 1998ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಗಿದ್ದ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿದ್ದುದು 2023ರ ಜನವರಿಯಲ್ಲಿ, ನೂರು ತುಂಬಿದ ತಿಂಗಳಿನಲ್ಲೇ. ಆಗ ಕಾರ್ಖಾನೆಯ ಬಾಗಿಲ ಮುಂದೆ ಧರಣಿ ಕುಳಿತು ವಾರಗಟ್ಟಲೆ ಏಳದಿದ್ದವರು ಗುತ್ತಿಗೆ ಕಾರ್ಮಿಕರು. ಕಾಯಂ ನೌಕರನಿಗೆ ಇದೇ ಸಂಸ್ಥೆಯ ಬೇರೆ ಘಟಕಕ್ಕೆ ವರ್ಗವಾದರೂ ಉಂಟು. ಗುತ್ತಿಗೆಯವನ ಕಾಗದಪತ್ರದಲ್ಲಿರುವುದು ಗುತ್ತಿಗೆದಾರನ ಹೆಸರು, ಶಾಸ್ತ್ರೋಕ್ತವಾಗಿ ನೋಡಿದರೆ ಕಾರ್ಖಾನೆಗೂ ಅವನಿಗೂ ಸಂಬಂಧವೇ ಇಲ್ಲ. ಹಾಗಿದ್ದೂ ಅವನು ತನ್ನ ದಿನಗೂಲಿಯ ಮಾತಿನಲ್ಲೇ ನಿಲ್ಲದೆ ಮಹಾರಾಜರ ಹೆಸರನ್ನೂ ವಿಶ್ವೇಶ್ವರಯ್ಯನವರ ಹೆಸರನ್ನೂ ಎತ್ತಿ, ಕಾರ್ಖಾನೆ ಈ ನಾಡಿನ ಆಸ್ತಿ, ಅದನ್ನು ಉಳಿಸತಕ್ಕವರು ತಾವು ಎಂದು ವಾದಿಸಿದನು. ಅಂಗಡಿಕಾರರು ಊರು ಬಂದ್ ಮಾಡಿ ಅವನೊಡನೆ ನಿಂತರು. ಆ ವರ್ಷವೇ ಕೆಲವು ವಿಭಾಗಗಳು ಮತ್ತೆ ಚಾಲೂ ಆದವು, ಗುತ್ತಿಗೆಯವರು ಗುತ್ತಿಗೆಯವರಾಗಿಯೇ ಒಳಹೊಕ್ಕರು.